ಬೆಕ್ಕಿಗೂ ಅರ್ಥವಾಗದ ಮೈಕಣ್ಣ

ಆ ಬಸ್ ನಿಲ್ದಾಣದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಒಬ್ಬನೇ ಮನುಷ್ಯ ಮಾತಾಡುತ್ತಿದ್ದ. ಉಳಿದವರೆಲ್ಲ ಪಕ್ಕದವರನ್ನು "ಏನಂದ?" ಎಂದು ಕೇಳುತ್ತಿದ್ದರು. ಪಕ್ಕದವರಿಗೂ ಗೊತ್ತಿರುತ್ತಿರಲಿಲ್ಲ. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಡುತ್ತಿದೆ ಎಂದು ಮೈಕಿನಲ್ಲಿ ಸಾರುವುದು ಅವನ ಉದ್ಯೋಗ. ಆದ್ದರಿಂದ ಚಾಲಕರಿಂದ ಹಿಡಿದು ಹೂವು ಮಾರುವವಳವರೆಗೆ ಎಲ್ಲರಿಗೂ ಅವನು ಮೈಕಣ್ಣ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನ ದನಿ ಚೆನ್ನಾಗಿಯೇ ಇತ್ತಂತೆ. ಕೆಟ್ಟಿದ್ದದ್ದು ಮೈಕು. ಗಟ್ಟಿಯಾಗಿ ಮಾತಾಡಿದರೆ ಕಿರ್ರೆನ್ನುತ್ತಿತ್ತು, ಮೆಲ್ಲಗೆ ಮಾತಾಡಿದರೆ ಮಾತನ್ನೇ ನುಂಗಿಬಿಡುತ್ತಿತ್ತು. ಅದರ ಜೊತೆ ಹೇಗಾದರೂ ಹೊಂದಿಕೊಂಡು ಹೋಗಬೇಕಲ್ಲ ಎಂದು ಮೈಕಣ್ಣ ಬಾಯನ್ನು ಅರ್ಧ ಮುಚ್ಚಿ, ಮಾತನ್ನು ಮೂಗಿಗೆ ತಿರುಗಿಸಿ, ಪದದ ನಡುವನ್ನು ಬಿಟ್ಟು ತುದಿಯನ್ನು ಎಳೆಯುವ ಒಂದು ಕ್ರಮವನ್ನು ಬಹಳ ಶ್ರದ್ಧೆಯಿಂದ ರೂಢಿಸಿಕೊಂಡ. ಎಂಟು ವರ್ಷದ ಮೇಲೆ ಹೊಸ ಮೈಕು ಬಂತು. ಮೈಕು ಸರಿಹೋಯಿತು, ಮೈಕಣ್ಣ ಸರಿಹೋಗಲಿಲ್ಲ. "ಪ್ರಯಾಣಿಕರ ಗಮನಕ್ಕೆ" ಎಂಬುದು ಅವನ ಬಾಯಿಂದ "ಪ್ಯಾಂಕ್ರ ಗಂಕ್ಕೇ" ಎಂದೇ ಹೊರಬರುತ್ತಿತ್ತು. ಎದುರಿಗೆ ಕೂತು ಮಾತಾಡುವವರಿಗೆ ಅಷ್ಟು ತೊಂದರೆಯಿರಲಿಲ್ಲ, ಅವನ ಹುಬ್ಬು, ಕೈ, ಕಣ್ಣು ನೋಡಿಕೊಂಡು ಹೇಗೋ ಅಂದಾಜು ಮಾಡುತ್ತಿದ್ದರು. ಮುಖ ಕಾಣದೆ ಬರೀ ದನಿ ಬಂದಾಗಲೇ ಕಷ್ಟ. ಮೈಕಿನ ಕೆಲಸವೆಂದರೆ ಮುಖ ಕಾಣದೆ ಬರೀ ದನಿಯಾಗುವುದೇ ಆಗಿತ್ತು ಎಂಬುದು ಅವನ ಗ್ರಹಚಾರ.

ಆದರೆ ಎರಡು ಪದಗಳು ಮಾತ್ರ ಅವನ ಮೂಗಿಗೆ ಸಿಕ್ಕಿ ಹಾಳಾಗದೆ ಇಡಿಯಾಗಿ ಹೊರಗೆ ಬರುತ್ತಿದ್ದವು. ಬಸ್ಸು ನಿಲ್ಲುವ ಜಾಗಗಳಿಗೆ ಅಲ್ಲಿ ಅಂಕಣ ಎನ್ನುತ್ತಿದ್ದರು, ಒಂದರಿಂದ ಹನ್ನೆರಡರವರೆಗೆ ಅಂಕಣಗಳಿದ್ದವು. ಅವುಗಳಲ್ಲಿ ಏಳು ಮತ್ತು ಹತ್ತು, ಇವೆರಡು ಸಂಖ್ಯೆ ಮಾತ್ರ ಸ್ಫಟಿಕದ ಹಾಗೆ ಸ್ಪಷ್ಟ. ಗೊರಗೊರ ಎಂದು ಏನೇನೋ ಕೇಳಿಸಿ ಕೊನೆಗೆ "ಏಳೂ" ಎಂದು ಬಂದರೆ, ಬೆಂಚಿನ ಮೇಲಿದ್ದವರು ಎದ್ದು ನಿಲ್ಲುತ್ತಿದ್ದರು. "ಹತ್ತೂ" ಎಂದು ಬಂದರೆ ಹೊಸಬರು ಎದುರಿಗೆ ಕಂಡ ಬಸ್ಸನ್ನು ಹತ್ತಿಬಿಡುತ್ತಿದ್ದರು. ಹಳಬರು ಕಿಟಕಿಯ ಮೇಲಿನ ಫಲಕ ಓದಿಕೊಂಡು ಬದುಕಿದ್ದರು. ಮೈಕಣ್ಣ ಮಾತ್ರ ತನ್ನ ಗಾಜಿನ ಕೋಣೆಯಿಂದ ಇದನ್ನೆಲ್ಲ ನೋಡಿ, ಜನ ತನ್ನ ಮಾತನ್ನು ಎಷ್ಟು ಚೆನ್ನಾಗಿ ಕೇಳುತ್ತಾರೆಂದು ದಿನಕ್ಕೆ ಇಪ್ಪತ್ತು ಸಲ ಸಂತೋಷಪಡುತ್ತಿದ್ದ.

ಆ ಸಂತೋಷಕ್ಕೆ ಕಲ್ಲು ಹಾಕಿದ್ದು ಹೊಸ ಸಾಹೇಬರ ಅತ್ತೆ. ನಿಲ್ದಾಣಕ್ಕೆ ಹೊಸದಾಗಿ ಬಂದಿದ್ದ ಸಾಹೇಬರು ಅತ್ತೆಯನ್ನು ಊರಿಗೆ ಕಳಿಸಲು ತಾವೇ ಕರೆತಂದು, ಮೂರನೇ ಅಂಕಣದ ಬೆಂಚಿನ ಮೇಲೆ ಕೂರಿಸಿ, ಒಂದು ಸಹಿ ಹಾಕಿ ಬರುತ್ತೇನೆಂದು ಒಳಗೆ ಹೋದರು. ಆ ಮುದುಕಿ ಹೇಳಿದ ಮಾತು ಕೇಳುವ ಸ್ವಭಾವದವರು. ಮೇಲಿನಿಂದ ಒಂದು ದನಿ "ಹತ್ತೂ" ಎಂದಿತು. ಅವರು ಎದ್ದು, ಎದುರಿಗಿದ್ದ ಬಸ್ಸು ಹತ್ತಿದರು. ಆ ಬಸ್ಸು ಅವರನ್ನು ಐದು ಗಂಟೆ ಹೊತ್ತು ಕೂರಿಸಿಕೊಂಡು ಹೋಗಿ, ರಸ್ತೆ ಮುಗಿದಲ್ಲಿ ಇಳಿಸಿತು. ಮರುದಿನ ಅವರನ್ನು ವಾಪಸು ತರುವಷ್ಟರಲ್ಲಿ ಸಾಹೇಬರ ಮನೆಯಲ್ಲಿ ಹೆಂಡತಿ ಗಂಡನ ಜೊತೆ ಮಾತು ಬಿಟ್ಟಿದ್ದಳು.

ಮೂರನೇ ದಿನ ಮೈಕಣ್ಣನ ಕೈಗೆ ಒಂದು ಮೆಮೊ ಬಂತು. "ಸದರಿಯವರ ಘೋಷಣೆಯು ಮನುಷ್ಯರಿಗಿರಲಿ, ಬೆಕ್ಕಿಗೂ ಅರ್ಥವಾಗುವುದಿಲ್ಲ. ಈ ಬಗ್ಗೆ ಹದಿನೈದು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ಮೈಕಿನಿಂದ ತೆಗೆಯಲಾಗುವುದು." ಮೆಮೊ ತಂದುಕೊಟ್ಟ ಗುಮಾಸ್ತ, ಮುದ್ರಿಸಿದ ದನಿಯ ಯಂತ್ರವೊಂದು ಆಗಲೇ ಪೆಟ್ಟಿಗೆಯಲ್ಲಿ ಬಂದು ಕೂತಿದೆಯೆಂದೂ, ಅದರಲ್ಲಿ ಯಾರೋ ಹೆಂಗಸು ಮುತ್ತು ಪೋಣಿಸಿದ ಹಾಗೆ ಮಾತಾಡುತ್ತಾಳೆಂದೂ ಹೇಳಿ ಹೋದ.

ಮೈಕಣ್ಣನ ಕಾಲಿನ ಕೆಳಗಿನ ನೆಲ ಕುಸಿಯಿತು. ನಿವೃತ್ತಿಗೆ ನಾಲ್ಕು ವರ್ಷ ಉಳಿದಿತ್ತು. ಸಂಬಳಕ್ಕೆ ತೊಂದರೆಯಿಲ್ಲ, ಇಲಾಖೆ ಎಲ್ಲಾದರೂ ಒಂದು ಕುರ್ಚಿ ಕೊಡುತ್ತದೆ. ಆದರೆ ಮೈಕಣ್ಣನಿಂದ ಮೈಕು ತೆಗೆದರೆ ಉಳಿಯುವುದು ಬರೀ ಅಣ್ಣ, ಮನೆಯಲ್ಲಿ ಅವನೇ ಕೊನೆಯ ಮಗ, ಯಾರಿಗೂ ಅಣ್ಣನಾಗಿರಲಿಲ್ಲ. ತಾನು ಬಾಯಿ ತೆರೆದರೆ ಸಾವಿರ ಜನ ತಲೆಯೆತ್ತುತ್ತಾರೆ ಎಂಬ ಒಂದೇ ಒಂದು ವಿಷಯ ಅವನ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಇತ್ತು. ಅದೂ ಹೋಗುವುದಾದರೆ ಬೆಳಿಗ್ಗೆ ಏಕೆ ಏಳಬೇಕು ಎಂದು ಅವನಿಗೆ ನಿಜವಾಗಿಯೂ ತಿಳಿಯಲಿಲ್ಲ.

ಇಂಥ ಹೊತ್ತಿನಲ್ಲಿ ಸುಮ್ಮನಿರುವ ಸಂಬಂಧಿಕರು ಇದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮೈಕಣ್ಣನಿಗೆ ಒಬ್ಬ ಬಾಮೈದ ಇದ್ದ. ಅವನು ವಕೀಲರೊಬ್ಬರ ಗುಮಾಸ್ತ. ಇಪ್ಪತ್ತು ವರ್ಷ ವಕೀಲರ ಹಿಂದೆ ಕಡತ ಹೊತ್ತು ಓಡಾಡಿ, ಕಾನೂನು ಗೊತ್ತಿಲ್ಲದಿದ್ದರೂ ಅದರ ಧಾಟಿ ಪೂರ್ತಿ ಬಂದಿತ್ತು. ಮೆಮೊವನ್ನು ಅವನು ಮೂರು ಸಲ ಓದಿದ, ಬೆಳಕಿಗೆ ಹಿಡಿದು ನೋಡಿದ, ಆಮೇಲೆ ನಕ್ಕ.

"ಭಾವ, ನಿಮ್ಮ ಸಾಹೇಬರು ಸಿಕ್ಕಿಹಾಕಿಕೊಂಡ್ರು. ಜನಕ್ಕೆ ಅರ್ಥ ಆಗಲ್ಲ ಅಂತ ಆರೋಪ ಮಾಡಿದ್ರೆ ನಾವು ಏನೂ ಮಾಡೋಕಾಗ್ತಿರಲಿಲ್ಲ. ಬೆಕ್ಕಿಗೂ ಅಂತ ಬರವಣಿಗೇಲಿ ಕೊಟ್ಟಿದ್ದಾರೆ. ಒಂದು ಬೆಕ್ಕಿಗೆ ಅರ್ಥ ಆಯ್ತು ಅಂತ ತೋರಿಸಿಬಿಟ್ರೆ ಮೆಮೊ ಬಿದ್ದುಹೋಗತ್ತೆ."

ಅದು ಒಂದು ಮಾತಿನ ವರಸೆ ಅಷ್ಟೇ ಇರಬಹುದೆಂದು ಮೈಕಣ್ಣ ಅನುಮಾನಪಟ್ಟ. ಸರಕಾರಿ ಕಾಗದದಲ್ಲಿ ವರಸೆ ಇರುವುದಿಲ್ಲ, ಸಹಿ ಮಾತ್ರ ಇರುತ್ತದೆ ಎಂದು ಬಾಮೈದ ತಿಳಿಸಿ ಹೇಳಿದ. ಮುಳುಗುತ್ತಿದ್ದ ಮೈಕಣ್ಣನಿಗೆ ಅದರಲ್ಲಿ ಅರ್ಥ ಕಂಡಿತು. ಮನೆಯಲ್ಲಿ ಹೇಗೂ ಒಂದು ಬೆಕ್ಕು ಇತ್ತು. ಬೂದಿ ಬಣ್ಣದ್ದಾದ್ದರಿಂದ ಅದರ ಹೆಸರೂ ಬೂದಿ. ಅದು ಹೆಂಡತಿಯ ಹಿಂದೆ ಮುಂದೆ ಸುತ್ತಿಕೊಂಡು ಬೆಳೆದದ್ದು, ಆರು ವರ್ಷದಲ್ಲಿ ಮೈಕಣ್ಣನ ಕಡೆ ಸರಿಯಾಗಿ ನೋಡಿದ್ದೇ ಕಡಿಮೆ.

ಮರುದಿನವೇ ಪ್ರಯೋಗ ಶುರುವಾಯಿತು. ಮೈಕಣ್ಣ ಇನ್ನೂರು ಪುಟದ ಒಂದು ನೋಟ್‌ಪುಸ್ತಕ ತಂದು, ಗೆರೆ ಹಾಕಿ, ಒಂದು ಕಡೆ "ನಾನು ಹೇಳಿದ್ದು", ಇನ್ನೊಂದು ಕಡೆ "ಬೆಕ್ಕು ಹೇಳಿದ್ದು" ಎಂದು ಬರೆದುಕೊಂಡ. ಹಾಲ್‌ನಲ್ಲಿ ಕುರ್ಚಿ ಹಾಕಿಕೊಂಡು, ಲೋಟವನ್ನು ಮೈಕಿನಂತೆ ಬಾಯಿಗೆ ಹಿಡಿದು, ಕಿಟಕಿಯ ಬಿಸಿಲಿನಲ್ಲಿ ಮಲಗಿದ್ದ ಬೂದಿಗೆ ಘೋಷಣೆ ಮಾಡಿದ. "ಪ್ಯಾಂಕ್ರ ಗಂಕ್ಕೇ, ಅಂಣ ಏಳೂ." ಬೂದಿ ಒಂದು ಕಿವಿ ಆಡಿಸಿತು. "ಅಂಣ ಹತ್ತೂ." ಅದೂ ಇಲ್ಲ. ಮೊದಲನೆಯ ದಿನ ನಲವತ್ತು ಘೋಷಣೆಯಾಯಿತು. ನೋಟ್‌ಪುಸ್ತಕದ ಎಡಗಡೆ ತುಂಬಿತು, ಬಲಗಡೆ "ಆಕಳಿಕೆ" ಎಂಬ ಒಂದೇ ಪದ ಬಿದ್ದಿತು. ಎರಡನೆಯ ದಿನ ಬೂದಿ ಎದ್ದು ಅಡುಗೆಮನೆಗೆ ಹೋಯಿತು. ಘೋಷಣೆಯಲ್ಲಿ ಅಡುಗೆಮನೆಯ ಪ್ರಸ್ತಾಪವಿರಲಿಲ್ಲ.

ಆ ಸಂಜೆ ಮೈಕಣ್ಣ ಊಟ ಬೇಡವೆಂದ. ತಲೆಯ ಮೇಲೆ ಕೈ ಹೊತ್ತು ಅದೇ ಕುರ್ಚಿಯಲ್ಲಿ ಕೂತ. ಸಾಹೇಬರು ಹೇಳಿದ್ದು ಅಕ್ಷರಶಃ ನಿಜ, ಬೆಕ್ಕಿಗೂ ಅರ್ಥವಾಗುವುದಿಲ್ಲ, ಇಪ್ಪತ್ತೆರಡು ವರ್ಷ ತಾನು ಗೋಡೆಗೆ ಮಾತಾಡಿಕೊಂಡು ಸಂಬಳ ಎಣಿಸಿದ್ದೇನೆ ಎಂಬುದು ಅವನಿಗೆ ಆಗ ಮೊದಲ ಬಾರಿ ಹೊಳೆಯಿತು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಒಳಗೆ ಹೋದಳು.

ಮೂರನೆಯ ದಿನ ಆದದ್ದನ್ನು ಮೈಕಣ್ಣನ ಮಾತಿನಲ್ಲೇ ಹೇಳುವುದಾದರೆ ಪವಾಡ. ಅವನು ಆಸೆ ಬಿಟ್ಟ ದನಿಯಲ್ಲಿ "ಅಂಣ ಏಳೂ" ಎಂದ. ಬೂದಿ ಥಟ್ಟನೆ ಎದ್ದು ನಿಂತಿತು. ಬಾಲ ನೆಟ್ಟಗಾಯಿತು. ಅವನು ಕುರ್ಚಿಯ ತುದಿಗೆ ಸರಿದ. "ಅಂಣ ಹತ್ತೂ" ಎಂದ. ಬೂದಿ ಒಂದೇ ನೆಗೆತಕ್ಕೆ ಅಡುಗೆಮನೆಯ ಕಿಂಡಿಯ ಕೆಳಗಿದ್ದ ಮೇಜನ್ನು ಹತ್ತಿ, ಅವನ ಕಡೆಗಲ್ಲದಿದ್ದರೂ ಒಂದು ಕಡೆಗೆ ತಿರುಗಿ, "ಮ್ಯಾಂವ್" ಎಂದಿತು. ಮೈಕಣ್ಣ ಹೆಂಡತಿಯನ್ನು ಕೂಗಿದ. ಅವಳು ಅಡುಗೆಮನೆಯಲ್ಲಿ ಡಬ್ಬ ಜೋಡಿಸುತ್ತಿದ್ದಳು, ಸದ್ದು ಕೇಳುತ್ತಲೇ ಇತ್ತು. ಗಂಡನ ಮಾನ ಉಳಿಯುವ ಹೊತ್ತಿನಲ್ಲೂ ಇವಳಿಗೆ ಡಬ್ಬಗಳದ್ದೇ ಚಿಂತೆಯಲ್ಲ ಎಂದು ಅವನಿಗೆ ಬೇಸರವಾಯಿತು.

ಅಲ್ಲಿಂದ ಮುಂದೆ ಹತ್ತಕ್ಕೆ ಒಂಬತ್ತು ಸಲ ಬೂದಿ ಏಳೆಂದರೆ ಎದ್ದಿತು, ಹತ್ತೆಂದರೆ ಹತ್ತಿತು. ಆ ಒಂದು ಸಲ ತಪ್ಪುತ್ತಿದ್ದದ್ದು ಹೆಂಡತಿ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದಾಗ. ಇದನ್ನು ಮೈಕಣ್ಣ ಪ್ರಾಮಾಣಿಕವಾಗಿ ನೋಟ್‌ಪುಸ್ತಕದಲ್ಲಿ ಬರೆದು, "ಬೆಕ್ಕಿಗೆ ಒಂಟಿತನ ಆಗುವುದಿಲ್ಲ" ಎಂದು ಷರಾ ಹಾಕಿದ.

ಬಾಮೈದನಿಗೆ ಈಗ ಸಾಕ್ಷಿ ಬೇಕಿತ್ತು. ಮಹಡಿಯ ಮೇಲಿದ್ದ ನಿವೃತ್ತ ಮೇಷ್ಟ್ರನ್ನು ಕರೆತಂದು ಪ್ರಯೋಗ ತೋರಿಸಿದರು. ಮೇಷ್ಟ್ರು ನಲವತ್ತು ವರ್ಷ ವ್ಯಾಕರಣ ಹೇಳಿಕೊಟ್ಟವರು. ಏಳು ಎಂಬುದು ಇಲ್ಲಿ ಸಂಖ್ಯೆಯೋ ಕ್ರಿಯಾಪದವೋ ಎಂದು ಮೊದಲು ಇತ್ಯರ್ಥವಾಗಬೇಕು, ಅಂಕಣ ಏಳು ಎಂದಾಗ ಎದ್ದು ನಿಲ್ಲುವ ಬೆಕ್ಕು ಭಾಷೆ ತಿಳಿದ ಬೆಕ್ಕಲ್ಲ, ಭಾಷೆ ತಪ್ಪು ತಿಳಿದ ಬೆಕ್ಕು ಎಂದು ಅವರು ಆಕ್ಷೇಪವೆತ್ತಿದರು. ಮುಕ್ಕಾಲು ಗಂಟೆ ಚರ್ಚೆಯಾಗಿ, ಕೊನೆಗೆ ಹೀಗೆ ಬರೆದು ಸಹಿ ಮಾಡಿದರು: "ಬೆಕ್ಕು ಎದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅರ್ಥವಾಗಿ ಎದ್ದಿತೋ ಬೇಸರವಾಗಿ ಎದ್ದಿತೋ ಹೇಳಲಾರೆ."

ಆಮೇಲೆ ಬೂದಿಯನ್ನು ಬುಟ್ಟಿಯಲ್ಲಿ ಹಾಕಿಕೊಂಡು ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಹೋದರು. ಬೆಕ್ಕಿಗೆ ಮೈಕಣ್ಣನ ಮಾತು ತಿಳಿಯುತ್ತದೆಂದು ಸರ್ಟಿಫಿಕೇಟು ಬೇಕೆಂದಾಗ ಆಕೆ ಮೊದಲು ಮೈಕಣ್ಣನ ಮುಖ ನೋಡಿದರು, ಆಮೇಲೆ ಬಾಮೈದನ ಮುಖ, ಕೊನೆಗೆ ಮೂವರಲ್ಲಿ ಮಾತಾಡಿಸಲು ಯೋಗ್ಯವೆನಿಸಿದ ಬೂದಿಯ ಮುಖ. ಒಳ್ಳೆಯ ಹೆಂಗಸು, ಬೈದು ಕಳಿಸದೆ ಕೂರಿಸಿಕೊಂಡು ತಿಳಿಸಿದರು.

ಬೆಕ್ಕು ಬೆಕ್ಕು ತಮ್ಮತಮ್ಮಲ್ಲಿ ಮ್ಯಾಂವ್ ಎನ್ನುವುದು ಅಪರೂಪವಂತೆ. ಮರಿಯಾಗಿದ್ದಾಗ ತಾಯಿಯನ್ನು ಕರೆಯಲು ಕೂಗುತ್ತವೆ, ದೊಡ್ಡವಾದ ಮೇಲೆ ಆ ಕೂಗನ್ನು ಮನುಷ್ಯರಿಗೆಂದೇ ಉಳಿಸಿಕೊಳ್ಳುತ್ತವೆ. ಅದರಲ್ಲೂ ಒಂದೊಂದು ಬೆಕ್ಕು ತನ್ನ ಮನೆಯವರ ಜೊತೆ ಸೇರಿ ತನ್ನದೇ ಒಂದು ಮಾತು ಕಟ್ಟಿಕೊಳ್ಳುತ್ತದೆ, ಪಕ್ಕದ ಮನೆಯವರಿಗೆ ಅದು ತಿಳಿಯುವುದಿಲ್ಲ. ಉಳಿದದ್ದನ್ನು ಅದು ಮೈಯಲ್ಲೇ ಹೇಳುತ್ತದೆ. ಬಾಲ ನೆಟ್ಟಗಿದ್ದರೆ ಖುಷಿ. ನಿಮ್ಮನ್ನು ನೋಡಿ ನಿಧಾನವಾಗಿ ಕಣ್ಣು ಮುಚ್ಚಿ ತೆರೆದರೆ ಪ್ರೀತಿ.

"ಬೆನ್ನು ತಿರುಗಿಸಿಕೊಂಡು ಕೂತ್ರೆ ಕೋಪ ಅಂತ ಜನ ತಿಳ್ಕೊತಾರೆ" ಎಂದರು ಡಾಕ್ಟರಮ್ಮ. "ಹಾಗಲ್ಲ. ಅಪಾಯ ಇಲ್ಲ ಅನ್ನಿಸಿದವರಿಗೆ ಮಾತ್ರ ಬೆಕ್ಕು ಬೆನ್ನು ಕೊಡತ್ತೆ. ಅದು ನಂಬಿಕೆ."

ಮೈಕಣ್ಣ ಅದನ್ನು ನೋಟ್‌ಪುಸ್ತಕದ ಹಿಂದಿನ ರಟ್ಟಿನ ಮೇಲೆ ಬರೆದುಕೊಂಡ. ಇಷ್ಟೆಲ್ಲ ಹೇಳಿದ ಡಾಕ್ಟರಮ್ಮ ಸರ್ಟಿಫಿಕೇಟಿನಲ್ಲಿ ಬರೆದದ್ದು ಎರಡೇ ಸಾಲು: "ಬೆಕ್ಕು ಆರೋಗ್ಯವಾಗಿದೆ. ಕಿವಿ ಕೇಳಿಸುತ್ತದೆ." ಹೊರಗೆ ಬರುತ್ತಲೇ ಬಾಮೈದ ಭಾವನ ಬೆನ್ನು ತಟ್ಟಿದ. ಕಿವಿ ಕೇಳುವ ಬೆಕ್ಕೆಂದು ವೈದ್ಯರ ಸಹಿ ಬಿದ್ದ ಮೇಲೆ ಮೆಮೊ ಅರ್ಧ ಸತ್ತ ಹಾಗೆ ಎಂದ.

ಸಮಜಾಯಿಷಿ ಒಂಬತ್ತು ಪುಟವಾಯಿತು. "ನನ್ನ ಘೋಷಣೆ ಬೆಕ್ಕಿಗೂ ಅರ್ಥವಾಗುವುದಿಲ್ಲವೆಂಬ ಆರೋಪವನ್ನು ವಿನಯಪೂರ್ವಕವಾಗಿ ಅಲ್ಲಗಳೆಯುತ್ತೇನೆ" ಎಂದು ಆರಂಭವಾಗಿ, ಬೆಕ್ಕಿನ ವಯಸ್ಸು, ಬಣ್ಣ, ನಡತೆಗಳನ್ನು ವಿವರಿಸಿ, ಸಾಹೇಬರು ಇಷ್ಟಪಟ್ಟಲ್ಲಿ ಅವರ ಎದುರಿನಲ್ಲೇ ಸಾಬೀತುಪಡಿಸಲು ಸಿದ್ಧ ಎಂಬಲ್ಲಿಗೆ ಮುಗಿಯಿತು. ಸಾಹೇಬರು ಅದನ್ನು ಓದಿ ಹರಿದು ಹಾಕುತ್ತಿದ್ದರೋ ಏನೋ. ಆದರೆ ಬಾಮೈದ ರೂಢಿಯಂತೆ ಒಂದು ಪ್ರತಿಯನ್ನು ಕೇಂದ್ರ ಕಚೇರಿಗೂ ಕಳಿಸಿದ್ದ. ಅಲ್ಲಿ ಯಾರೋ ಎಂದಿನಂತೆ ಓದದೆಯೇ "ಪರಿಶೀಲಿಸಿ ವರದಿ ಸಲ್ಲಿಸುವುದು" ಎಂದು ಬರೆದು, ಮುದ್ರೆ ಒತ್ತಿ ವಾಪಸು ಕಳಿಸಿದರು. ಮೇಲಿನಿಂದ ಬಂದ ಮುದ್ರೆಯ ಮುಂದೆ ಸಾಹೇಬರಾದರೂ ಏನು ಮಾಡಿಯಾರು. ಮೂವತ್ತು ವರ್ಷದ ಸೇವೆಯಲ್ಲಿ ಮೊದಲ ಬಾರಿಗೆ ಅವರು ಬೆಕ್ಕೊಂದಕ್ಕೆ ಹಾಜರಾಗಲು ನೋಟೀಸು ಕೊಟ್ಟರು.

ಪರಿಶೀಲನೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಮೈಕಣ್ಣನ ಗಾಜಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾಹೇಬರು ಗಾಜಿಗೆ ಬೆನ್ನು ಮಾಡಿ, ತೊಡೆಯ ಮೇಲೆ ಕಡತ ಇಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದರು. ಮೇಷ್ಟ್ರು ಮೂಲೆಯಲ್ಲಿದ್ದರು. ಬಾಮೈದ ಎರವಲು ತಂದ ಕಪ್ಪು ಕೋಟು ಹಾಕಿಕೊಂಡಿದ್ದ. ಹೆಂಡತಿ ಕೈಚೀಲವೊಂದನ್ನು ಎದೆಗೆ ಒತ್ತಿಕೊಂಡು ಸಾಹೇಬರ ಕುರ್ಚಿಯ ಹಿಂದೆ ನಿಂತಿದ್ದಳು. ನೀನೇಕೆ ಬರುತ್ತೀಯ ಎಂದು ಮೈಕಣ್ಣ ಕೇಳಿದ್ದಕ್ಕೆ, ಬೂದಿ ಹೊಸ ಜಾಗದಲ್ಲಿ ಹೆದರುತ್ತದೆ ಎಂದಿದ್ದಳು. ಬೂದಿ ಬುಟ್ಟಿಯಿಂದ ಇಳಿದು, ನೆಲ ಮೂಸಿ, ಮೇಜಿನ ಕೆಳಗೆ ಕೂತಿತು.

ಸಾಹೇಬರು ಬೆಳಿಗ್ಗೆಯಿಂದಲೇ ಅರ್ಧ ಮನಸ್ಸಿನಲ್ಲಿದ್ದರು. ಅವರ ಅತ್ತೆ ಅಂದೇ ಮತ್ತೆ ಊರಿಗೆ ಹೊರಡುವವರಿದ್ದರು. ಈ ಸಲ ಅವರನ್ನು ಮೂರನೇ ಅಂಕಣದ ಬೆಂಚಿನ ಮೇಲೆ ಕೂರಿಸಿ, ಮೇಲಿನಿಂದ ಯಾವ ದನಿ ಏನೇ ಹೇಳಿದರೂ ತಾವೇ ಬಂದು ಕೈಹಿಡಿಯುವವರೆಗೆ ಅಲುಗಬಾರದೆಂದು ಮೂರು ಸಲ ಹೇಳಿ ಬಂದಿದ್ದರು.

ಮೈಕಣ್ಣ ಮೈಕು ಆರಿಸಿ, ಬೆಕ್ಕಿನ ಕಡೆ ಬಗ್ಗಿ ಮಾತಾಡಲು ಹೊರಟ. ಸಾಹೇಬರು ತಡೆದರು. ಮೆಮೊದಲ್ಲಿ ಇರುವುದು ಘೋಷಣೆ ಎಂದು. ಘೋಷಣೆಯೆಂದರೆ ಮೈಕಿನಲ್ಲಿ, ಮೈಕು ಹಾಕದೆ ಬೆಕ್ಕಿನ ಕಿವಿಯಲ್ಲಿ ಹೇಳುವುದು ಸಂಭಾಷಣೆಯಾಗುತ್ತದೆ, ಅದನ್ನು ತಾವು ಒಪ್ಪುವುದಿಲ್ಲ ಎಂದರು. ಬಾಮೈದ ಆಕ್ಷೇಪಣೆಯಿಲ್ಲ ಎಂದು ಕೋಟಿನ ಗುಂಡಿ ಹಾಕಿಕೊಂಡ. ಮೈಕಣ್ಣ ಮೈಕು ಹಾಕಿದ.

ಇನ್ನು ಎಷ್ಟು ದಿನವೋ ಎಂದು ಮೈಕಿನ ಗುಂಡಿಯನ್ನು ಒತ್ತಿದಾಗ ಅವನ ಕಣ್ಣು ಒದ್ದೆಯಾಯಿತು. ಆದ್ದರಿಂದ ಘೋಷಣೆ ಎಂದಿಗಿಂತ ಹೆಚ್ಚು ಮೂಗಿನಲ್ಲಿ ಬಂತು. "ಪ್ಯಾಂಕ್ರ ಗಂಕ್ಕೇ... ಅಂಣ... ಏಳೂ."

ಹೆಂಡತಿಯ ಕೈಚೀಲದಲ್ಲಿ ಏನೋ ಸಣ್ಣಗೆ ಟಕ್ ಎಂದಿತು. ಬೂದಿ ಎದ್ದು ನಿಂತಿತು. ಗಾಜಿನ ಆಚೆ, ಹನ್ನೆರಡು ಅಂಕಣಗಳ ಬೆಂಚುಗಳಿಂದ ಇನ್ನೂರೈವತ್ತು ಜನ ಎದ್ದು ನಿಂತರು. ಬೆಕ್ಕನ್ನೇ ನೋಡುತ್ತಿದ್ದ ಸಾಹೇಬರಿಗೆ ಅದು ಕಾಣಲಿಲ್ಲ. ಅವರ ಹುಬ್ಬು ಮೇಲೇರಿತು. ಕಾಕತಾಳೀಯ ಇರಬಹುದು, ಇನ್ನೊಂದು ಅಂಕಣ ಹೇಳಿ, ಗಟ್ಟಿಯಾಗಿ ಹೇಳಿ ಎಂದರು.

ಮೈಕಣ್ಣ ಇಪ್ಪತ್ತೆರಡು ವರ್ಷದ ಉಸಿರನ್ನೆಲ್ಲ ಒಟ್ಟುಮಾಡಿಕೊಂಡ. "ಅಂಣ... ಹತ್ತೂ."

ಮತ್ತೆ ಟಕ್ ಎಂದಿತು. ಬೂದಿ ಮೇಜು ಹತ್ತಿತು. ಮೇಜಿನಿಂದ ಕಡತ ಹತ್ತಿತು. ಕಡತದಿಂದ ಸಾಹೇಬರ ಹೆಗಲು ಹತ್ತಿ, ಹಿಂದೆ ನಿಂತಿದ್ದ ಹೆಂಡತಿಯ ಕೈಚೀಲದ ಕಡೆ ಮೂಗು ಚಾಚಿ, ಸಾಹೇಬರ ಕಿವಿಯಲ್ಲಿ "ಮ್ಯಾಂವ್" ಎಂದಿತು. ಸಾಹೇಬರು ಕಲ್ಲಾದರು. ಮೇಷ್ಟ್ರು, ಇಲ್ಲಿ ಹತ್ತು ಎಂಬುದು ನಿಸ್ಸಂದೇಹವಾಗಿ ಕ್ರಿಯಾಪದ ಎಂದು ತೀರ್ಪು ಕೊಟ್ಟರು. ಬಾಮೈದ ಗಡಿಯಾರ ನೋಡಿ ಸಮಯ ಬರೆದುಕೊಂಡ.

ಹೊರಗೆ ಇನ್ನೂರೈವತ್ತು ಜನ, ಹೇಗೂ ಎದ್ದು ನಿಂತಿದ್ದವರು, ಎದುರಿಗೆ ಕಂಡ ಬಸ್ಸುಗಳನ್ನು ಹತ್ತಿದರು. ಒಬ್ಬರು ಹತ್ತಿದ್ದನ್ನು ಕಂಡು ಇನ್ನೊಬ್ಬರು ಹತ್ತಿದರು. ಫಲಕ ಓದುವ ಹಳಬರೂ ಆ ನೂಕಿನಲ್ಲಿ ಓದುವುದಕ್ಕೆ ಆಗದೆ ಹತ್ತಿದರು. ತುಂಬಿದ ಬಸ್ಸನ್ನು ನಿಲ್ಲಿಸಿಕೊಂಡು ಕಾಯುವ ಚಾಲಕ ಇನ್ನೂ ಹುಟ್ಟಿಲ್ಲ. ಸೀಟಿಯ ಮೇಲೆ ಸೀಟಿ ಬಿದ್ದು, ಹನ್ನೆರಡು ಬಸ್ಸುಗಳೂ ಒಂದರ ಹಿಂದೊಂದು ಹೊರಟುಹೋದವು. ಆಸ್ಪತ್ರೆಗೆ ಹೊರಟವರು ಕಲ್ಲುಕ್ವಾರಿಯ ಕಡೆಗೂ, ಮದುವೆಗೆ ಹೊರಟವರು ಜೈಲಿನ ಕಡೆಗೂ ಹೋದರು.

ಸಾಹೇಬರು ಹೆಗಲ ಮೇಲಿನ ಬೆಕ್ಕಿನೊಂದಿಗೇ ನಿಧಾನವಾಗಿ ಗಾಜಿನ ಕಡೆ ತಿರುಗಿದರು. ನಿಲ್ದಾಣ ಗುಡಿಸಿಟ್ಟ ಹಾಗೆ ಖಾಲಿಯಿತ್ತು. ಅವರ ಕಣ್ಣು ಮೂರನೇ ಅಂಕಣದ ಬೆಂಚನ್ನು ಹುಡುಕಿತು. ಬೆಂಚಿನ ಮೇಲೆ ಅತ್ತೆಯ ನೀರಿನ ಬಾಟಲಿಯೊಂದೇ ಕೂತಿತ್ತು. ಅಷ್ಟರಲ್ಲಿ ಅವರ ಜೇಬಿನ ಫೋನು ಹೊಡೆದುಕೊಂಡಿತು. ಎರಡು ವಾರದ ಮೇಲೆ ಮೊನ್ನೆಯಷ್ಟೇ ಮಾತು ಶುರುಮಾಡಿದ್ದ ಹೆಂಡತಿ, ಅಮ್ಮ ಬಸ್ಸು ಹತ್ತಿದರಾ ಎಂದು ಕೇಳಿದಳು.

ಸಾಹೇಬರು ಖಾಲಿ ಬೆಂಚನ್ನು ಬಹಳ ಹೊತ್ತು ನೋಡಿದರು.

"ಹತ್ತಿದ್ರು" ಎಂದರು.

ಮೈಕಣ್ಣ ಗೆದ್ದಿದ್ದ. ಅದರಲ್ಲಿ ಎರಡು ಮಾತಿರಲಿಲ್ಲ. ಸಾಹೇಬರು ಕಣ್ಣಾರೆ ಕಂಡಿದ್ದರು, ಹೆಗಲಾರೆ ಅನುಭವಿಸಿದ್ದರು. ಬಾಮೈದ ಆ ಸಂಜೆ ಮನೆಗೆ ಸಿಹಿ ತಂದ. ಮೂರು ದಿನಗಳ ನಂತರ ಆದೇಶ ಬಂತು. ಮೈಕಣ್ಣ ಅದನ್ನು ನಿಂತುಕೊಂಡು ಓದಲು ಶುರುಮಾಡಿ ಕೂತುಕೊಂಡು ಮುಗಿಸಿದ.

"ಸದರಿಯವರ ಘೋಷಣೆಯು ಬೆಕ್ಕಿಗೆ ಅರ್ಥವಾಗುತ್ತದೆಂದು ಪರಿಶೀಲನೆಯಲ್ಲಿ ನಿಸ್ಸಂಶಯವಾಗಿ ಕಂಡುಬಂದಿರುವುದರಿಂದ ಅವರ ಸಮಜಾಯಿಷಿಯನ್ನು ಅಂಗೀಕರಿಸಿ, ಮೆಮೊವನ್ನು ಹಿಂಪಡೆಯಲಾಗಿದೆ. ಇಂಥ ವಿಶೇಷ ಸಾಮರ್ಥ್ಯವನ್ನು ಪ್ರಯಾಣಿಕರ ಮೇಲೆ ವ್ಯರ್ಥ ಮಾಡುವುದು ಇಲಾಖೆಯ ಹಿತಕ್ಕೆ ವಿರುದ್ಧ. ಆದ್ದರಿಂದ ಇಲಿಗಳ ಕಾಟ ಹೆಚ್ಚಾಗಿರುವ ಪಾರ್ಸೆಲ್ ಗೋದಾಮಿಗೆ ಅವರನ್ನು, ಬೆಕ್ಕಿನ ಸಹಿತ, ತಕ್ಷಣದಿಂದ ಜಾರಿಗೆ ಬರುವಂತೆ ವರ್ಗಾಯಿಸಲಾಗಿದೆ."

ಬಾಮೈದ ಆದೇಶವನ್ನು ಮೂರು ಸಲ ಓದಿ, ಬೆಳಕಿಗೆ ಹಿಡಿದ. ಈ ಸಲ ನಗಲಿಲ್ಲ. ಇದರ ಮೇಲೆ ಮೇಲ್ಮನವಿ ಹೋಗುವುದು ಕಷ್ಟ, ಇಲಾಖೆ ನಮ್ಮ ವಾದವನ್ನು ಪೂರ್ತಿ ಒಪ್ಪಿಕೊಂಡುಬಿಟ್ಟಿದೆ ಎಂದು ಹೇಳಿ, ಕೋಟು ವಾಪಸು ಕೊಡಬೇಕೆಂದು ಬೇಗ ಹೊರಟುಹೋದ.

ಮೈಕಣ್ಣ ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತ. ಹೆಂಡತಿ ಎದುರಿಗೆ ಕೂತು ಕೇಳಿದಳು. ಮೈಕು ಹೋಯಿತು, ನಾಳೆಯಿಂದ ಮೂಟೆಗಳ ನಡುವೆ ಕೂರಬೇಕು, ಚಾಲಕರೆಲ್ಲ ನಗುತ್ತಿದ್ದಾರೆ, ಬದುಕೇ ಸಾಕೆನಿಸಿದೆ ಎಂದೆಲ್ಲ ಹೇಳಿಕೊಂಡ. ಆದರೂ ಒಂದು ಸಮಾಧಾನ ಇದೆ ಎಂದ. ಲೋಕದಲ್ಲಿ ಯಾರಿಗೆ ಅರ್ಥವಾಗದಿದ್ದರೂ ಬೂದಿಗೆ ತನ್ನ ಮಾತು ಅರ್ಥವಾಗುತ್ತದೆ, ಅದನ್ನು ಯಾರೂ ಕಿತ್ತುಕೊಳ್ಳಲಾರರು.

 ಹೆಂಡತಿ ಎದ್ದು, ಕೈಚೀಲದಿಂದ ತುಕ್ಕು ಹಿಡಿದ ಒಂದು ಸಣ್ಣ ತಗಡಿನ ಡಬ್ಬ ತೆಗೆದು ಅವನ ಮುಂದಿಟ್ಟಳು. ಅದರಲ್ಲಿ ಒಣಮೀನಿನ ಚೂರುಗಳಿದ್ದವು.

"ನಾಳೆ ಇದನ್ನ ತಗೊಂಡ್ಹೋಗಿ" ಎಂದಳು. "ಮುಚ್ಚಳ ಟಕ್ ಅನ್ನಿಸಬೇಕು. ಇಲ್ಲದಿದ್ರೆ ಅದು ಏಳಲ್ಲ."

ಮೈಕಣ್ಣ ಡಬ್ಬ ನೋಡಿದ. ಹೆಂಡತಿಯನ್ನು ನೋಡಿದ. ಡಬ್ಬದ ಮುಚ್ಚಳವನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿದ. ಹಿತ್ತಲಿನಲ್ಲೆಲ್ಲೋ ಇದ್ದ ಬೂದಿ ಓಡಿಬಂದು ಅವನೆದುರು ನಿಂತಿತು. ಬಾಲ ನೆಟ್ಟಗಿತ್ತು.

"ಯಾವತ್ತಿನಿಂದ?" ಎಂದ.

"ಮೂರನೇ ದಿನದಿಂದ. ಹಿಂದಿನ ಸಂಜೆ ನೀವು ಊಟ ಬಿಟ್ಟು ತಲೆ ಮೇಲೆ ಕೈ ಹೊತ್ತು ಕೂತಿದ್ರಲ್ಲ, ನನಗೆ ನೋಡೋಕಾಗಲಿಲ್ಲ ರೀ."

ಅವಳ ಕಣ್ಣು ತುಂಬಿತ್ತು. ಅದನ್ನು ಅವನು ನೋಡಬಾರದೆಂದು ಒಲೆಯ ಕಡೆ ತಿರುಗಿ, ಪಾತ್ರೆ ಎತ್ತಿಕೊಂಡಳು. ಮೈಕಣ್ಣನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇಷ್ಟು ದಿನ ಬೆಕ್ಕಿನ ಬಾಯಿ, ಬಾಲ ನೋಡಿಕೊಂಡು ಕೂತವನ ಮನೆಯಲ್ಲಿ ಒಬ್ಬಳು ಇದ್ದಳು, ಅವನ ಸಲುವಾಗಿ ಡಬ್ಬ ಹಿಡಿದುಕೊಂಡು ಸಾಹೇಬರ ಬೆನ್ನ ಹಿಂದೆ ನಡುಗುತ್ತ ನಿಂತಿದ್ದಳು.  ಮನಸ್ಸಿನಲ್ಲಿದ್ದದ್ದನ್ನೆಲ್ಲ ಕೂಡಿಸಿ, ಅವಳ ಬೆನ್ನಿಗೆ ಹೇಳಿದ, ಬೆಕ್ಕು ಹಾಳಾಗಿ ಹೋಗಲಿ, ಜನ ಹಾಳಾಗಿ ಹೋಗಲಿ, ನಿನಗೊಬ್ಬಳಿಗೆ ನನ್ನ ಮಾತು ಅರ್ಥವಾಗುತ್ತದಲ್ಲ, ನನಗೆ ಅಷ್ಟೇ ಸಾಕು ಎಂದು.

"ಹೂಂ" ಎಂದಳು ಹೆಂಡತಿ, ತಿರುಗದೆ.

ಆ ಹೂಂ ಎಷ್ಟೋ ವರ್ಷಗಳಿಂದ ಕೇಳಿದ್ದು. ಅದೇ ದನಿ, ಅದೇ ಉದ್ದ. ಯಾಕೋ ಅವತ್ತು ಮೈಕಣ್ಣನ ಎದೆ ಧಸಕ್ಕೆಂದಿತು.

ಎದ್ದು ಅವಳ ಮುಂದೆ ಹೋಗಿ ನಿಂತು, "ನಾನೀಗ ಏನಂದೆ?" ಎಂದು ಕೇಳಿದ.

"ಕಾಫಿ ಕೇಳಿದ್ರಿ" ಎಂದಳು. "ಇಡ್ತಿದ್ದೀನಿ, ಒಂದು ನಿಮಿಷ."

ಮೈಕಣ್ಣ ಮತ್ತೆ ಮಣೆಯ ಮೇಲೆ ಕೂತ. ಕಾಫಿ ಬಂತು, ಕುಡಿದ. ಚೆನ್ನಾಗಿಯೇ ಇತ್ತು.

ಈಗ ನಿಲ್ದಾಣದಲ್ಲಿ ಯಂತ್ರದ ಹೆಂಗಸು ಮಾತಾಡುತ್ತಾಳೆ. ಒಂದೊಂದು ಅಕ್ಷರವೂ ಸ್ಪಷ್ಟ. ಬಸ್ಸು ಎರಡು ಗಂಟೆ ತಡ, ಬಸ್ಸು ರದ್ದು, ಬಸ್ಸು ಇನ್ನೂ ಹೊರಟೇ ಇಲ್ಲ ಎಂದು ಅವಳು ಹೇಳುವುದು ಎಲ್ಲರಿಗೂ ತಿಳಿಯುತ್ತದೆ. ಮೊದಲು "ಏನಂದ?" ಎಂದು ಪಕ್ಕದವರನ್ನು ಕೇಳಿ, ಬರುತ್ತದೆ ಎಂದಿರಬೇಕು ಬಿಡಿ ಎಂದುಕೊಂಡು ಕೂರುತ್ತಿದ್ದ ಜನ ಈಗ ಯಾರನ್ನೂ ಏನನ್ನೂ ಕೇಳುವುದಿಲ್ಲ. ಮುಖ ಗಂಟು ಹಾಕಿಕೊಂಡು ಸುಮ್ಮನೆ ಕೂರುತ್ತಾರೆ.

ಪಾರ್ಸೆಲ್ ಗೋದಾಮು ನಿಲ್ದಾಣದ ಹಿಂಭಾಗದಲ್ಲಿದೆ. ಮೊದಲ ದಿನ ಮಧ್ಯಾಹ್ನ ಮೈಕಣ್ಣ ಒಂದು ಮೂಟೆಯ ಮೇಲೆ ಕೂತು, ಡಬ್ಬವನ್ನು ಜೇಬಿನಿಂದ ತೆಗೆಯದೆ, ಎದುರು ಮೂಟೆಯ ಮೇಲಿದ್ದ ಬೂದಿಗೆ ಮೆಲ್ಲಗೆ "ಅಂಣ ಹತ್ತೂ" ಎಂದು ಹೇಳಿ ನೋಡಿದ. ಹಿಂದಿನ ಸಾಲಿನಲ್ಲಿ ಇಲಿಗಳು ಸರಸರನೆ ಮೂಟೆ ಹತ್ತಿದ ಸದ್ದು ಕೇಳಿಸಿತು. ಬೂದಿ ಹತ್ತಲಿಲ್ಲ. ಅವನನ್ನು ಒಮ್ಮೆ ನೋಡಿ, ಮೈ ಮುದುಡಿ, ಬೆನ್ನು ತಿರುಗಿಸಿಕೊಂಡು ಮಲಗಿತು.

ಬೆನ್ನು ಕೊಟ್ಟರೆ ನಂಬಿಕೆ ಎಂದು ಡಾಕ್ಟರಮ್ಮ ಹೇಳಿದ್ದು ಅವನಿಗೆ ನೆನಪಾಯಿತು. ಬೆಳಿಗ್ಗೆ ಹೊರಡುವಾಗ ಹೆಂಡತಿ ಒಲೆಯ ಕಡೆ ತಿರುಗಿದ್ದಳು. ಬಾಗಿಲಲ್ಲಿ ಎದುರಾದ ಸಾಹೇಬರು ಅವನನ್ನು ಕಂಡು ಗೋಡೆಯ ಕಡೆ ತಿರುಗಿದ್ದರು. ಗೋದಾಮಿನ ಸಣ್ಣ ಕಿಟಕಿಯಿಂದ ನೋಡಿದರೆ ನಿಲ್ದಾಣದ ಬೆಂಚುಗಳು ಹಿಂದಿನಿಂದ ಕಾಣುತ್ತಿದ್ದವು, ಸಾಲಾಗಿ ಇನ್ನೂರು ಬೆನ್ನುಗಳು. ಆ ಪ್ರಕಾರ ನೋಡಿದರೆ, ಮೈಕಣ್ಣನನ್ನು ನಂಬದವರು ಈಗ ಆ ಊರಿನಲ್ಲಿ ಒಬ್ಬರೂ ಉಳಿದಿರಲಿಲ್ಲ.